ಹೆಸರು ಕೊರೆದ ತಟ್ಟೆ

ನಮ್ಮ ಮನೆಯಲ್ಲಿ ಹೆಸರು ಕೊರೆದ ತಟ್ಟೆ ಇದ್ದದ್ದು ಒಂದೇ. ಮದುವೆಯಾಗಿ ಮರಾಠಿ ನಾಡಿನ ಖಡಕಿಯ ಈ ಫ್ಲ್ಯಾಟಿಗೆ ಬಂದ ಹೊಸತರಲ್ಲಿ ಅದನ್ನು ಕಂಡು ನನಗೆ ಸಣ್ಣ ಹೊಟ್ಟೆಕಿಚ್ಚೇ ಆಗಿತ್ತು. ಸ್ಟೀಲ್ ತಟ್ಟೆಯ ಅಂಚಿನಲ್ಲಿ ದೇವನಾಗರಿ ಅಕ್ಷರಗಳಲ್ಲಿ ಚುಕ್ಕಿಚುಕ್ಕಿಯಾಗಿ ‘ಪಂಕಜಾಕ್ಷಿ’ ಎಂದು ಕೊರೆದಿತ್ತು, ಅದಕ್ಕೊಂದು ಜೋಡಿ ಲೋಟವೂ ಇತ್ತು. ಮಾವನ ಅಕ್ಕನಿಗೆ ಈ ಮನೆಯಲ್ಲಿ ಎಂಥ ಮರ್ಯಾದೆ, ತುಮಕೂರಿನ ನಮ್ಮ ಅಜ್ಜಿಗೂ ಇಂಥದ್ದಿರಲಿಲ್ಲ ಎಂದುಕೊಂಡೆ. ಊಟ ಮುಗಿದ ಮೇಲೆ ಆ ತಟ್ಟೆಯನ್ನು ಉಳಿದವುಗಳ ಜೊತೆ ಸಿಂಕಿಗೆ ಹಾಕಿದಾಗ ಮಾವ ಹರಿಶ್ಚಂದ್ರ ಕೆಮ್ಮಿದರು. ನನ್ನ ಗಂಡ ಅಕ್ಷಯ ನನ್ನನ್ನು ಬಾಲ್ಕನಿಗೆ ಕರೆದು ಮರ್ಯಾದೆಯ ಅರ್ಥ ಬಿಡಿಸಿ ಹೇಳಿದ.

ಅತ್ತೆಗೆ ಎಚ್‌ಐವಿ ಇತ್ತು. ಅಕ್ಷಯ ಕರೆಯುವಂತೆ ನಾನೂ ಪಂಕಜಾಕ್ಷಿಯವರನ್ನು ಅತ್ತೆ ಎನ್ನುತ್ತೇನೆ. ಕಾತ್ರಜದಲ್ಲಿ ಲಾಡ್ಜ್ ನಡೆಸುತ್ತಿದ್ದ ಅವರ ಗಂಡ ಇಪ್ಪತ್ತು ವರ್ಷಗಳ ಹಿಂದೆ ತೀರಿಕೊಂಡಾಗ ನೆಂಟರಿಗೆಲ್ಲ ಟಿಬಿ ಎಂದು ಹೇಳಲಾಯಿತು. ಅತ್ತೆಯ ರಕ್ತಪರೀಕ್ಷೆಯ ಫಲಿತಾಂಶ ಬಂದಾಗ ಟಿಬಿ ಖರ್ಚಾಗಿ ಹೋಗಿತ್ತು, ಹಾಗಾಗಿ ಶುಗರ್ ಎಂದರು. ಶುಗರ್ ಇದ್ದವರಿಗೆ ಬೇರೆ ತಟ್ಟೆ ಯಾಕೆ ಎಂದು ಯಾರೂ ಕೇಳಲಿಲ್ಲ. ನಮ್ಮ ನೆಂಟರು ಕೇಳಬಾರದ್ದನ್ನಷ್ಟೇ ಕೇಳುವವರು.

ಆಗಿನ ಡಾಕ್ಟರು ಪರೀಕ್ಷೆ ಮಾಡಿ, ಮೈಯ ಶಕ್ತಿ ಕುಂದಿಲ್ಲ, ಸದ್ಯ ಔಷಧ ಬೇಡ, ಆಗಾಗ ಬಂದು ತೋರಿಸಿ ಎಂದಿದ್ದರಂತೆ. ಆ ಕಾಲದ ನಿಯಮ ಹಾಗಿತ್ತು. ಮಾವ ಮುಂದಿನ ಸಲ ಕರೆದುಕೊಂಡು ಹೋದಾಗ, ಶಿವಾಜಿನಗರದ ತಮ್ಮ ಹೋಟೆಲಿಗೆ ದಿನಾ ದೋಸೆಗೆ ಬರುತ್ತಿದ್ದ ವಕೀಲರೊಬ್ಬರು ಅದೇ ಸಾಲಿನಲ್ಲಿ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ಮಾವ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ, ವಕೀಲರು ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಅತ್ತೆಯ ಚಿಕಿತ್ಸೆ ಅಲ್ಲಿಗೆ ಮುಗಿಯಿತು.

ಅವರಿಗೆ ಹಿಂದಿನ ಕೋಣೆ ಸಿಕ್ಕಿತು. ಊಟ ಅಲ್ಲಿಯೇ, ನೆಲದ ಮೇಲೆ. ಇಷ್ಟೆಲ್ಲ ಎಚ್ಚರಿಕೆಯ ನಡುವೆ ಒಂದು ಸಣ್ಣ ವಿನಾಯಿತಿ ಇತ್ತು. ಮಾವನ ಹೋಟೆಲಿನ ಸಾರು ಊರಿಗೇ ಹೆಸರುವಾಸಿ, ಅದರ ಪುಡಿ ಹುರಿಯುವುದು ಅತ್ತೆಯ ಕೈ. ಕೊತ್ತಂಬರಿ, ಮೆಂತೆ, ಬ್ಯಾಡಗಿ ಮೆಣಸು ಎಲ್ಲವನ್ನೂ ಅವರು ಹುರಿದು ಡಬ್ಬ ತುಂಬಿದರೆ ಅದು ನೇರ ಹೋಟೆಲಿಗೆ ಹೋಗುತ್ತಿತ್ತು. ಕೈ ಮುಟ್ಟಿದ ತಟ್ಟೆಗೆ ಮೈಲಿಗೆ, ಅದೇ ಕೈ ಹುರಿದ ಪುಡಿಗೆ ಗಿರಾಕಿಗಳ ಸಾಲು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ನಾನು ಒಂದೆರಡು ಸಲ ಜಗಳ ತೆಗೆದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದರಲ್ಲಿ ಅಕ್ಷಯ ಪಳಗಿದವನು. ನೀನು ಹೇಳೋದೂ ಸರಿ, ಅಪ್ಪನ ಹೆದರಿಕೆಯೂ ಸರಿ ಎಂದು ಲ್ಯಾಪ್‌ಟಾಪ್ ತೆರೆದ. ಅತ್ತೆ ಮಾತ್ರ, ಬಿಡು ಮಾರಾಯ್ತಿ, ನೆಲದ ಮೇಲೆ ಕೂತರೆ ಕಾಲು ಚಾಚಬಹುದು ಎಂದರು.

ಎಲ್ಲವೂ ತಿರುಗಿದ್ದು ಕಣ್ಣಿನ ಪೊರೆಯಿಂದ. ಪೊರೆ ತೆಗೆಯುವ ಮುಂಚೆ ರಕ್ತ ನೋಡಿದ ಆಸ್ಪತ್ರೆಯವರು ಅತ್ತೆಯನ್ನು ಎಚ್‌ಐವಿ ಸಂಶೋಧನೆ ಮಾಡುವ ಡಾಕ್ಟರ್ ಶಾಲಿನಿಯವರಲ್ಲಿಗೆ ಕಳಿಸಿದರು. ರಜೆ ಹಾಕಿ ಜೊತೆಗೆ ಹೋದವಳು ನಾನು. ಧಾರವಾಡ ಕಡೆಯ ಆ ಡಾಕ್ಟರು ಫಲಿತಾಂಶವನ್ನು ಎರಡು ಸಲ ನೋಡಿ, ಪೊಲೀಸರಂತೆ ಕನ್ನಡಕ ಇಳಿಸಿದರು.

“ನಿಮ್ಮ ಮೈಯಾಗ ವೈರಸ್ ಅದ ರೀ, ಅದು ಖರೆ. ಆದ್ರ ರಕ್ತದಾಗ ಹುಡುಕಿದ್ರೂ ಸಿಗವಲ್ದು. ಯಾವ ಗುಳಿಗಿ ತಗೊಳ್ಳಾಕತ್ತೀರಿ, ಮುಚ್ಚಿಡಬ್ಯಾಡ್ರಿ.”

ಯಾವ ಗುಳಿಗೆಯೂ ಇಲ್ಲ ಎಂದರು ಅತ್ತೆ. ನಂಬಿಸುವುದಕ್ಕೆ ಇನ್ನೂ ಮೂರು ಸಲ ರಕ್ತ ಕೊಡಬೇಕಾಯಿತು.

ಕೊನೆಗೆ ಡಾಕ್ಟರು ನಮ್ಮನ್ನು ಕೂರಿಸಿ ವಿವರಿಸಿದರು. ಈ ವೈರಸ್ಸು ಜೀವಕೋಶದ ಒಳಹೊಕ್ಕು ಅಲ್ಲಿಯ ವಂಶವಾಹಿಯೊಳಗೆ ತನ್ನದೊಂದು ನಕಲು ಸೇರಿಸಿಬಿಡುತ್ತದೆ. ಗುಳಿಗೆ ತೆಗೆದುಕೊಳ್ಳುವವರಲ್ಲೂ ಅದು ಅಲ್ಲಿ ಅಡಗಿರುತ್ತದೆ, ಬಿಟ್ಟರೆ ಎದ್ದು ಬರುತ್ತದೆ. ಪೂರ್ತಿ ವಾಸಿ ಮಾಡುವ ದಾರಿ ಕೈಗೆ ಸಿಗದಿರುವುದು ಅದಕ್ಕೇ. ಆದರೆ ನೂರರಲ್ಲಿ ಒಬ್ಬರಿಗೂ ಕಡಿಮೆ ಜನರಲ್ಲಿ ಔಷಧವಿಲ್ಲದೆ ಮೈಯೇ ಅದನ್ನು ಹತೋಟಿಯಲ್ಲಿಡುತ್ತದೆ. ಅಂಥವರ ರಕ್ಷಣಾ ಕಣಗಳು ಸೋಂಕು ತಗುಲಿದ ಕೋಶಗಳನ್ನು ಗುರುತು ಹಿಡಿದು ಕೊಲ್ಲುವುದರಲ್ಲಿ ಗಟ್ಟಿಗರು. ಕೊಂದು ಉಳಿದ ನಕಲುಗಳು ವಂಶವಾಹಿಯ ಯಾವುದೋ ಸದ್ದಿಲ್ಲದ ಮೂಲೆಯಲ್ಲಿ ಸಿಕ್ಕಿಕೊಂಡು ಬಾಯಿ ಬಿಡಲಾರದೆ ಬಿದ್ದಿರುತ್ತವೆ. ರಕ್ತದಲ್ಲಿ ಸಿಗದಷ್ಟು ಕಡಿಮೆ ಇದ್ದಾಗ ದೇಹ ಸಂಬಂಧದಿಂದಲೂ ಅದು ಹರಡುವುದಿಲ್ಲ. ತಟ್ಟೆ ಲೋಟದಿಂದಂತೂ ಯಾವ ಕಾಲಕ್ಕೂ ಹರಡಿದ್ದಲ್ಲ. ಅದನ್ನು ತಿಳಿಯಲು ಸಂಶೋಧನೆ ಬೇಕಿರಲಿಲ್ಲ, ಆಸ್ಪತ್ರೆಯ ಗೋಡೆ ಓದಿದ್ದರೆ ಸಾಕಿತ್ತು.

ಕೇಳುತ್ತಾ ಕೇಳುತ್ತಾ ನನಗೆ ಮೈ ಉರಿಯಿತು. ಅತ್ತೆಯ ಮೈ ವೈರಸ್ಸಿಗೆ ಏನು ಮಾಡಿತ್ತೋ, ನಮ್ಮ ಮನೆ ಅತ್ತೆಗೆ ಅದನ್ನೇ ಮಾಡಿತ್ತು. ಹಿಂದಿನ ಮೂಲೆಯಲ್ಲಿರು, ಬಾಯಿ ಬಿಡಬೇಡ. ವೈರಸ್ಸಾದರೋ ಏನಾದರೂ ತಪ್ಪು ಮಾಡಿತ್ತು.

ಮನೆಗೆ ಬಂದು ಹೇಳಿದಾಗ ಮಾವನ ಕಿವಿಗೆ ಬಿದ್ದ ಮಾತುಗಳು ಮೂರು: ಅಪರೂಪ, ವಿಜ್ಞಾನಿಗಳು, ವಂಶವಾಹಿ. ಮರುದಿನ ಬೆಳಿಗ್ಗೆಯೇ ಅತ್ತೆಗೆ ಊಟದ ಮೇಜಿನಲ್ಲಿ ಕುರ್ಚಿ ಸಿಕ್ಕಿತು, ಎಲ್ಲರಂಥದೇ ತಟ್ಟೆ ಸಿಕ್ಕಿತು. ಹೆಸರು ಕೊರೆದ ತಟ್ಟೆ ನಡುಮನೆಯ ಗಾಜಿನ ಕಪಾಟಿಗೆ ಏರಿ, ಹೋಟೆಲಿಗೆ ಬಂದ ಪ್ರಶಸ್ತಿ ಫಲಕಗಳ ಪಕ್ಕ ಕೂತಿತು. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ಮಾವ ಯಾವತ್ತೂ ತಡ ಮಾಡಿದವರಲ್ಲ.

“ನಮ್ಮಲ್ಲಿ ಮನೆ ಹೆಣ್ಣಿನದು, ಬಳಿ ಹೆಣ್ಣಿನದು, ಗೊತ್ತುಂಟಾ? ರಕ್ತವೇ ಹಾಗೆ. ಅಕ್ಕನ ಮೈಯಲ್ಲಿ ಇದ್ದದ್ದು ನನ್ನ ಮೈಯಲ್ಲೂ ಉಂಟು,” ಎಂದರು ನನಗೆ.

ಬಳಿ ಎಂದರೆ ಅವರ ಕರಾವಳಿ ಕಡೆ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಅಂಥ ಮನೆಯ ಹಿರಿಯ ಹೆಣ್ಣನ್ನು ಇಪ್ಪತ್ತು ವರ್ಷ ನೆಲದ ಮೇಲೆ ಕೂರಿಸಿದ್ದು ಅವರಿಗೆ ಆ ಹೊತ್ತಿನಲ್ಲಿ ನೆನಪಾದಂತೆ ಕಾಣಲಿಲ್ಲ. ಒಡಹುಟ್ಟಿದವರ ರಕ್ತವೂ ಸಿಕ್ಕರೆ ಅಧ್ಯಯನಕ್ಕೆ ಒಳ್ಳೆಯದು ಎಂದು ಡಾಕ್ಟರು ಕೇಳಿದ್ದೇ ತಡ, ಇಸ್ತ್ರಿ ಅಂಗಿ ತೊಟ್ಟು ಹೋಗಿ ತೋಳು ಕೊಟ್ಟು ಬಂದರು. ಕೆಲವು ವಾರಗಳ ನಂತರ, ಅಕ್ಕನಲ್ಲಿರುವ ಆ ವಿಶೇಷ ವಂಶವಾಹಿ ತಮ್ಮನಲ್ಲಿ ಇಲ್ಲ ಎಂದು ತಿಳಿಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ರಕ್ತ ಬಿಡಿ, ಎಲ್ಲ ಊಟದ ಗುಣ ಎಂದ ಮಾವ, ಹೋಟೆಲಿನ ಬೋರ್ಡಿನಲ್ಲಿ ‘ಇಮ್ಯುನಿಟಿ ಗಂಜಿ’ ಬರೆಸಿದರು. ಅದೇ ಕುಚ್ಚಲಕ್ಕಿ, ಅದೇ ಉಪ್ಪಿನಕಾಯಿ, ಹೆಸರು ಮಾತ್ರ ಹೊಸದು. ನನ್ನ ಆಫೀಸಿನ ಹುಡುಗರೂ ಹೋಗಿ ಕುಡಿದು ಬಂದರು.

ಅಷ್ಟಕ್ಕೆ ನಿಲ್ಲಲಿಲ್ಲ. ಮಾವ ಪದಾಧಿಕಾರಿಯಾಗಿದ್ದ ಊರ ಕಡೆಯವರ ಸಂಘದಿಂದ ಅತ್ತೆಗೆ ಸನ್ಮಾನ ಎಂದು ಗೊತ್ತಾಯಿತು. ‘ವಿಜ್ಞಾನಿಗಳನ್ನೇ ಬೆರಗುಗೊಳಿಸಿದ ರೋಗನಿರೋಧಕ ಶಕ್ತಿಯ ಮಹಾಮಾತೆ’ ಎಂದು ಕರೆಯೋಲೆ ಅಚ್ಚಾಯಿತು. ಯಾವ ರೋಗದ ನಿರೋಧಕ ಎಂಬುದು ಅದರಲ್ಲಿ ಇರಲಿಲ್ಲ.

ಆ ದಿನಗಳಲ್ಲಿ ಅತ್ತೆ ಖುಷಿಯಾಗಿದ್ದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಸನ್ಮಾನಕ್ಕಲ್ಲ, ಮೇಜಿಗೆ. ಬಂಗುಡೆ ಸಾರು ಮಾಡಿ, ಪಾತ್ರೆಯನ್ನು ನಡುವೆ ಇಟ್ಟು, ಎಲ್ಲರಿಗೂ ತಾವೇ ಬಡಿಸಿ ಕೊನೆಗೆ ಕೂರುತ್ತಿದ್ದರು. ಊಟ ಮುಗಿದರೂ ಏಳುತ್ತಿರಲಿಲ್ಲ. ಕೈ ಒಣಗುವವರೆಗೂ ಮಾತು ಎಳೆಯುತ್ತಿದ್ದರು. ಆ ಕುರ್ಚಿ ಮತ್ತೆ ಖಾಲಿಯಾಗಬಾರದು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಸನ್ಮಾನಕ್ಕೆ ಒಂದು ವಾರವಿದ್ದಾಗ ಡಾಕ್ಟರ್ ಶಾಲಿನಿ ಕರೆ ಕಳಿಸಿದರು. ರಕ್ತದಲ್ಲಿ ವೈರಸ್ಸು ಸ್ವಲ್ಪ ಸ್ವಲ್ಪ ಕಾಣಿಸತೊಡಗಿತ್ತು. ಇಂಥವರಲ್ಲೂ ಕೆಲವರಿಗೆ ವಯಸ್ಸಾದಂತೆ ಹತೋಟಿ ತಪ್ಪುತ್ತದಂತೆ. ತಪ್ಪದಿದ್ದರೂ ಒಳಗೊಳಗೇ ನಡೆಯುವ ಕಾದಾಟದ ಉರಿ ಹೃದಯವನ್ನು ಸವೆಸುತ್ತದಂತೆ. ಅದಕ್ಕೇ ಈಗ ಎಲ್ಲರಿಗೂ ಔಷಧವೇ ಸರಿ ಎನ್ನುತ್ತಾರೆ.

“ಇಷ್ಟು ವರ್ಷ ನಿಮ್ಮ ಮೈ ಒಂದ ಬಡದಾಡೇದ ರೀ ಅತ್ತಿಯವರ. ಭಾಳ ದಣದದ. ಇವತ್ತಿಂದ ದಿನಾ ಒಂದು ಗುಳಿಗಿ ತಗೋರಿ, ಅದಕ್ಕ ಒಂದು ಜೋಡಿ ಆಗ್ತದ,” ಎಂದರು.

ಅತ್ತೆ ಡಬ್ಬಿ ಇಸಿದುಕೊಂಡರು. ಆಟೋದಲ್ಲಿ ಅದನ್ನು ಮಡಿಲಲ್ಲಿ ಹಿಡಿದುಕೊಂಡು, “ಸಿಂಧೂರಾ, ಇದು ತಕ್ಕೊಂಡರೆ ಆ ಬಟ್ಟಲು ಕಪಾಟಿನಿಂದ ಇಳಿದು ಬರ್ತದೆ, ನೋಡು,” ಎಂದರು. ಅವರ ಕಡೆ ತಟ್ಟೆಗೆ ಬಟ್ಟಲು ಎನ್ನುತ್ತಾರೆ.

ಅವರು ಹೇಳಿದ್ದರಲ್ಲಿ ಅರ್ಧ ಅಂದೇ ನಿಜವಾಯಿತು. ವಿಷಯ ಕೇಳಿದ ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. ಅಕ್ಕನ ಹೃದಯದ ಚಿಂತೆ ಎಂದು ನಾನು ಒಂದು ಕ್ಷಣ ಮೋಸ ಹೋದೆ.

“ಸನ್ಮಾನ ಮುಗಿಯಲಿ ಅಕ್ಕ. ಈಗ ಮಾತ್ರೆ ತಕ್ಕೊಂಡರೆ ನೀನೂ ಎಲ್ಲರ ಹಾಗೆ ಒಬ್ಬ ರೋಗಿಯೇ. ಮತ್ತೆ ನಾವು ಜನರಿಗೆ ಎಂತ ಹೇಳುವುದು?”

ಸನ್ಮಾನದ ಆಮೇಲೆ ತೆಗೆದುಕೊಳ್ಳಬಹುದಾ ಎಂದು ನಾನು ಕೇಳಿದೆ. ಅದನ್ನು ಆಗ ನೋಡುವ ಎಂದರು. ಇಪ್ಪತ್ತು ವರ್ಷದ ಹಿಂದೆ ಯಾರಾದರೂ ನೋಡಿಯಾರೆಂದು ಆಸ್ಪತ್ರೆ ಬಿಡಿಸಿದವರು, ಈಗ ಎಲ್ಲರೂ ನೋಡಲೆಂದು ಗುಳಿಗೆ ಬಿಡಿಸುತ್ತಿದ್ದರು. ಅಕ್ಷಯ, ಇಬ್ಬರು ಹೇಳುವುದರಲ್ಲೂ ಅರ್ಥವಿದೆ ಎಂದ. ನಾನು ಅವನ ಲ್ಯಾಪ್‌ಟಾಪ್ ಮುಚ್ಚಿದೆ.

ಅತ್ತೆ ಕರೆಯೋಲೆಯನ್ನು ಕೈಗೆತ್ತಿಕೊಂಡು ನಿಧಾನವಾಗಿ ಓದಿದರು. ಪೊರೆ ತೆಗೆದ ಕಣ್ಣು, ಈಗ ಎಲ್ಲವೂ ಸ್ಪಷ್ಟ ಕಾಣುತ್ತಿತ್ತು.

“ಇದರಲ್ಲಿ ಕಾಯಿಲೆಯ ಹೆಸರು ಎಲ್ಲುಂಟು, ಹರಿ?”

ಅದನ್ನೆಲ್ಲ ಹಾಕುವುದಾ, ಹುಚ್ಚಾ ಎಂದರು ಮಾವ.

“ಹೆಸರು ಹಾಕಿಸು, ನಾನು ಬರ್ತೇನೆ. ಸನ್ಮಾನದವರೆಗೆ ಬೇಕಾದರೆ ಮಾತ್ರೆಯೂ ಬೇಡ. ಹೆಸರು ಹೇಳ್ಲಿಕ್ಕೆ ನಾಚಿಕೆಯಾಗುವ ಕಾಯಿಲೆಗೆ ಶಾಲು ಹೊದೆಸುವುದು ಎಂತಕ್ಕೆ?”

ಮಾವ ಕರೆಯೋಲೆಯನ್ನು ಅವರ ಕೈಯಿಂದ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಅತ್ತೆ ಅಷ್ಟೇ ಹೊತ್ತು ಕಾದು, ಮೇಜಿನ ಮೇಲಿನ ಯಾರದೋ ಲೋಟದ ನೀರಿನಲ್ಲಿ ಮೊದಲ ಗುಳಿಗೆ ನುಂಗಿದರು.

ಸನ್ಮಾನ ರದ್ದಾಗಲಿಲ್ಲ. ಬರೀ ಬಿಸಿನೀರು ಕುಡಿದು ಹೊಟ್ಟೆ ಕರಗಿಸಿಕೊಂಡ ಸಂಘದ ಕಾರ್ಯದರ್ಶಿ ಸುಖೇಶ್ ಅವರಿಗೆ ಅದೇ ಶಾಲು ಸಂದಿತು. ಅವರು ಹಾರ ಹಾಕಿಸಿಕೊಂಡ ಫೋಟೋ ಮಾವನ ಫೋನಿಗೂ ಬಂತು.

ಮರುದಿನ ರಾತ್ರಿ ಊಟಕ್ಕೆ ಕೂರುವಾಗ ಅತ್ತೆಯ ಜಾಗದಲ್ಲಿ ಹೆಸರು ಕೊರೆದ ತಟ್ಟೆ ಇತ್ತು. ಕಪಾಟಿನ ಗಾಜಿನ ಹಿಂದೆ ಒಂದು ದುಂಡನೆಯ ಖಾಲಿ ಜಾಗ. ಅತ್ತೆ ತಟ್ಟೆ ಎತ್ತಿಕೊಂಡು, ನೋಡಿದೆಯಾ ಎಂಬಂತೆ ನನ್ನ ಕಡೆ ಸಣ್ಣಗೆ ನಕ್ಕು, ಹಿಂದಿನ ಕೋಣೆಗೆ ಹೋದರು.

ಶನಿವಾರ ನಾನು ಮನೆಯ ಅಷ್ಟೂ ತಟ್ಟೆ, ಅಷ್ಟೂ ಲೋಟಗಳನ್ನು ಎರಡು ಚೀಲಕ್ಕೆ ತುಂಬಿ ತುಳಶಿಬಾಗಿನ ಪಾತ್ರೆ ಅಂಗಡಿಗೆ ಹೋದೆ. ಪಾತ್ರೆಯ ಮೇಲೆ ಹೆಸರು ಕೊರೆಯುವ ಮಷೀನು ಹಿಡಿದು ಕೂತಿದ್ದವನು ರಾಶಿ ನೋಡಿ, “ಸಗಳ್ಯಾಂವರ ಏಕಚ ನಾವ?” ಎಂದು ಕೇಳಿದ. ಹೌದು, ಎಲ್ಲದರ ಮೇಲೂ ಒಂದೇ ಹೆಸರು ಎಂದೆ. ಮಷೀನು ಗುಂಯ್‌ಗುಟ್ಟತೊಡಗಿತು. ಜೀವನದಲ್ಲಿ ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಭಾನುವಾರ ಮಧ್ಯಾಹ್ನ ಬಂಗುಡೆ ಸಾರು. ಹಿಂದಿನ ಕೋಣೆಗೆ ಹೊರಟಿದ್ದ ಅತ್ತೆಯನ್ನು ಕೈ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿ, ಮೇಜಿನ ಮೇಲೆ ತಟ್ಟೆಗಳನ್ನು ಇಟ್ಟೆ. ಮಾವ ತಮ್ಮ ತಟ್ಟೆಯ ಅಂಚು ನೋಡಿದರು. ಅದನ್ನು ಸರಿಸಿ ಅಕ್ಷಯನದು ನೋಡಿದರು. ಎದ್ದು ಅಡುಗೆಮನೆಗೆ ಹೋಗಿ ಸ್ಟ್ಯಾಂಡಿನಲ್ಲಿದ್ದವನ್ನು ಒಂದೊಂದಾಗಿ ತಿರುಗಿಸಿ ನೋಡುವ ಸದ್ದು ಕೇಳಿಸಿತು. ಎಲ್ಲೆಲ್ಲೂ ಪಂಕಜಾಕ್ಷಿ. ವಾಪಸ್ ಬಂದಾಗ ಮುಖ ಕೆಂಪಾಗಿತ್ತು.

“ಮನೆ ಹೆಣ್ಣಿನದು ಅಂತ ನೀವೇ ಹೇಳಿದ್ರಲ್ಲ ಮಾವ,” ಎಂದೆ.

ಅಕ್ಷಯ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ, ಅಡ್ಡಗೋಡೆಯಿಂದ ಮೊದಲ ಸಲ ಕೆಳಗಿಳಿದು, ಎದುರಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅನ್ನ ಬಡಿಸಿಕೊಂಡ.

ಮಾವ ಚಪ್ಪಲಿ ಮೆಟ್ಟಿದರು. ತಾವು ಹೋಟೆಲಿನಲ್ಲೇ ಊಟ ಮಾಡುವುದಾಗಿ ಹೇಳಿದರು.

ಅತ್ತೆ ಸಾರಿನ ಪಾತ್ರೆಯ ಮುಚ್ಚಳ ತೆಗೆಯುತ್ತಾ ತಲೆ ಎತ್ತಲೂ ಇಲ್ಲ. “ಹೋಗು ಹರಿ, ಅಲ್ಲೇ ಉಣ್ಣು. ಸಾರಿನ ಪುಡಿ ನಿನ್ನೆಯೇ ಹುರಿದು ಕಳಿಸಿದ್ದೇನೆ. ಈ ಸಲ ಒಳ್ಳೆ ಪರಿಮಳ ಉಂಟು.”

ಮಾವ ಬಾಗಿಲ ಚಿಲಕ ತೆಗೆದರು, ಮತ್ತೆ ಹಾಕಿದರು. ಆಮೇಲೆ ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಕೂತರು. ಅತ್ತೆ ಅವರ ತಟ್ಟೆಗೆ ಎರಡು ಬಂಗುಡೆ ಹಾಕಿದರು.