ಮೇ ತಿಂಗಳ ಕೈಗವಸು

ರಘುನಂದನನ ಉಣ್ಣೆಯ ಕೈಗವಸುಗಳು ಒದ್ದೆಯಾಗಿದ್ದವು.

ನನ್ನ ಗಂಡ ತೀರಿಹೋಗಿ ಎಂಟು ತಿಂಗಳು. ಕಪಾಟಿನ ಕೆಳಗಿನ ಖಾನೆಯಲ್ಲಿ, ಅವನ ಬಿಪಿ ಯಂತ್ರದ ಪಕ್ಕ, ನಾನೇ ಮಡಿಸಿ ಇಟ್ಟಿದ್ದೆ. ಮೇ ತಿಂಗಳ ಒಂದು ಬೆಳಿಗ್ಗೆ ಹಳೆಯ ಹಾಸಿಗೆ ಬಟ್ಟೆ ಹುಡುಕುವಾಗ ಕೈಗೆ ತಾಗಿದವು. ಬೆವರಿನ ಒದ್ದೆ. ಒಳಗೆ ಕೈ ಇದ್ದ ಹಾಗೆ ಬೆರಳುಗಳು ಅರ್ಧ ಮಡಚಿಕೊಂಡಿದ್ದವು. ನಾನು ಹೆದರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಬೇಗ ತಟ್ಟುತ್ತಿರಲಿಲ್ಲ. ಮತ್ತೆ ಮಡಿಸಿದೆ, ಎಡಗೈಯದು ಮೇಲೆ ಬರುವಂತೆ.

ಮರುದಿನ ಬಲಗೈಯದು ಮೇಲಿತ್ತು.

ಅವನ ರೋಗಕ್ಕೆ ಹೆಸರು ಸಿಗಲು ಹದಿನಾಲ್ಕು ತಿಂಗಳು ಹಿಡಿಯಿತು. ಮಿಹಾನ್ ಕೈಗಾರಿಕಾ ಪ್ರದೇಶದ ಆಫೀಸಿನ ಏಸಿಯಲ್ಲಿ ಅವನ ಬೆರಳುಗಳು ಸೀಮೆಸುಣ್ಣದಂತೆ ಬೆಳ್ಳಗಾಗುತ್ತಿದ್ದವು, ಆಮೇಲೆ ನೀಲಿ. ಕಂಪನಿಯ ಕ್ಯಾಬ್ ಇಳಿದು ಬಿಸಿಲಲ್ಲಿ ನಡೆದು ಡಾಕ್ಟರ ಬಾಗಿಲು ಸೇರುವಷ್ಟರಲ್ಲಿ ಎಲ್ಲರ ಬೆರಳಿನಂತಾಗಿರುತ್ತಿದ್ದವು. ನಲವತ್ತೈದು ಡಿಗ್ರಿಯ ನಾಗಪುರದಲ್ಲಿ ಕೈ ತಣ್ಣಗಾಗುತ್ತದೆ ಎಂದರೆ ಯಾರು ನಂಬುತ್ತಾರೆ? ಒಬ್ಬರು ಕತ್ತಿನ ನರ ಎಂದರು. ಒಬ್ಬರು ಹತ್ತಿಯ ಎಳೆ ತಾಗಿಸಿ ನೋಡಿ, ಕುಷ್ಠ ಅಲ್ಲ ಎಂದು ಬರೆದುಕೊಟ್ಟರು. ಇನ್ನೊಬ್ಬರು ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿಸಿದರು. ಅಷ್ಟರಲ್ಲಿ ಅವನ ಚರ್ಮ ಬಿಗಿಯುತ್ತ ಹೋಯಿತು. ಹಣೆಯ ಗೆರೆಗಳು ಮಾಯವಾದವು. ನೋಡಲು ಚಿಕ್ಕವನಾದ. ಜನ ಹೊಗಳಿದರು. ಬಾಯಿ ಮಾತ್ರ ಚಮಚ ಹಿಡಿಸುವಷ್ಟೇ ತೆರೆಯುತ್ತಿತ್ತು.

ಕೊನೆಗೆ ಸಿವಿಲ್ ಲೈನ್ಸ್‌ನ ಡಾಕ್ಟರ್ ಉಮಾಕಾಂತ ಅವನ ಕೈಯ ಹಿಂಬದಿಯ ಚರ್ಮ ಚಿವುಟಿ ಎತ್ತಲು ನೋಡಿದರು. ಎರಡು ಬೆರಳಿನ ನಡುವೆ ಏನೂ ಸಿಗಲಿಲ್ಲ. ಸ್ಕ್ಲೀರೋಡರ್ಮಾ ಎಂದರು. ಹೊರಗೆ ಬಿಗಿಯುವುದು ಒಳಗೂ ಬಿಗಿಯುತ್ತದೆ. ಇದರಲ್ಲಿ ಅಷ್ಟು ಸ್ಟೀರಾಯ್ಡ್ ಕಿಡ್ನಿಗೆ ಅಪಾಯ. ದಿನಾ ಬಿಪಿ ನೋಡಿ, ತಣ್ಣಗಿನದು ಯಾವುದೂ ಬೇಡ. ಇಡೀ ಬೇಸಿಗೆ ನಮ್ಮ ಮನೆಯಲ್ಲಿ ಕೂಲರ್ ಹಾಕಲಿಲ್ಲ. ಕಿಟಕಿ ಮುಚ್ಚಿ, ಅವನು ಉಣ್ಣೆಯ ಕೈಗವಸಿನಲ್ಲಿ, ನಾನು ಬೆವರಿನಲ್ಲಿ, ಎದುರುಬದುರು ಕೂತೆವು. ಆಗಸ್ಟ್ ಕೊನೆಗೆ ಒಂದು ಬೆಳಿಗ್ಗೆ ಬಿಪಿ ಇನ್ನೂರ ಹತ್ತು ತೋರಿಸಿತು. ಆಮೇಲೆ ಮೂರು ವಾರ. ಸತ್ತ ಮುಖದಲ್ಲಿ ಒಂದೂ ಗೆರೆ ಇರಲಿಲ್ಲ.

ಆ ಬಿಳಿ ಬೆರಳು ಯಾರಾದರೂ ಡಾಕ್ಟರು ಕಣ್ಣಾರೆ ಕಂಡಿದ್ದರೆ ಒಂದು ವರ್ಷ ಮೊದಲೇ ಗೊತ್ತಾಗುತ್ತಿತ್ತು, ನೀವು ಫೋಟೋ ಆದರೂ ಯಾಕೆ ತೆಗೆಯಲಿಲ್ಲ ಎಂದು ಡಾಕ್ಟರ್ ಉಮಾಕಾಂತ ಕೇಳಿದ್ದರು. ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಈಗ ಮನೆಯಲ್ಲಿ ನಾನು ಮತ್ತು ಅವನ ತಂಗಿ ಚಾರುಲತಾ. ಫೆಬ್ರವರಿಯಲ್ಲಿ ಇಲ್ಲೇ ನೌಕರಿ ಸಿಕ್ಕಿ ಧಾರವಾಡದಿಂದ ಬಂದಳು. ಇಲ್ಲಿಯ ಎಲ್ಲ ಹುಡುಗಿಯರ ಹಾಗೆ ಮುಖಕ್ಕೆ ಓಢಣಿ ಸುತ್ತಿ, ಮೊಣಕೈವರೆಗೆ ಬಿಳಿ ಕೈಗವಸು ಏರಿಸಿ ಸ್ಕೂಟಿಯಲ್ಲಿ ಹೋಗುತ್ತಾಳೆ. ಬಿಸಿಲಿಗೆ. ಈ ಊರಲ್ಲಿ ಅದನ್ನು ಯಾರೂ ಯಾಕೆಂದು ಕೇಳುವುದಿಲ್ಲ.

ಕೈಗವಸು ಒದ್ದೆಯಾದ ವಾರವೇ ಅತ್ತೆ ಕಾಶಿಬಾಯಿ ವೀಡಿಯೊ ಕಾಲ್‌ನಲ್ಲಿ ಮಗಳನ್ನು ದಿಟ್ಟಿಸಿದರು.

"ನಾಗಪುರದ ನೀರು ಬರೋಬರ್ ಹತ್ತೇತಿ ನಿನಗ. ಮಾರಿ ಹೆಂಗ ಹೊಳಿಯಾಕತ್ತೇತಿ. ಏನ್ ಹಚ್ಗೋತಿ?"

"ಏನಿಲ್ಲವ್ವ, ಬಿಸಿಲಾಗ ಬೆಂದೇನಿ," ಎಂದು ಚಾರು ನಕ್ಕಳು.

ನಾನು ಪಕ್ಕದಲ್ಲಿದ್ದೆ. ನಕ್ಕಿದ್ದು ದನಿ ಮಾತ್ರ. ಮುಖ ಇದ್ದ ಹಾಗೇ ಇತ್ತು.

ಒಂದೇ ಮನೆಯಲ್ಲಿ ಇಬ್ಬರಿಗೆ ಇದು ಬರುವುದು ತೀರ ಅಪರೂಪ ಎಂದಿದ್ದರು ಡಾಕ್ಟರು. ಅಪರೂಪ ಎಂಬ ಮಾತನ್ನು ನಾನು ಮೊದಲೂ ಕೇಳಿದ್ದೆ.

ಭಾನುವಾರ ಮಧ್ಯಾಹ್ನ ಕೂಲರಿಗೆ ನೀರು ತುಂಬಿ ಹಚ್ಚಿದೆ. ಗಾಳಿ ಬಂದ ಕೂಡಲೇ ಚಾರು ಎದ್ದು ಅಡಿಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಮಾವಿನಕಾಯಿ ಪಾನಕ ಮಾಡೋಣ, ಬರ್ಫ್ ತೆಗಿ ಎಂದೆ. ಅವಳು ಒರೆಸುವ ಬಟ್ಟೆ ಕೈಗೆ ಸುತ್ತಿಕೊಂಡು ಫ್ರಿಜ್ ತೆರೆದಳು.

"ಬಟ್ಟಿ ಬಿಡು, ಚಾರು."

"ಥಂಡ ಇರ್ತೈತ್ರಿ ವೈನಿ."

"ಅದಕ್ಕ ಹೇಳಿದೆ."

ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಟ್ಟೆ ಕೆಳಗಿಟ್ಟು ಮಂಜುಗಡ್ಡೆಯ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ನಿಂತಳು. ಹೊರಗೆ ಕೂಲರಿನ ಸದ್ದು. ಮೊದಲು ತೋರುಬೆರಳ ತುದಿ, ಆಮೇಲೆ ನಡುಬೆರಳು. ರಕ್ತ ಗೆರೆ ಕೊರೆದಂತೆ ಹಿಂದೆ ಸರಿಯಿತು. ಎರಡನೆಯ ಗೆಣ್ಣಿನವರೆಗೆ ನಾಲ್ಕು ಬೆರಳುಗಳು, ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದ ಹಾಗೆ. ಯಾರದೆಂದು ನನಗೆ ಗೊತ್ತಿತ್ತು.

"ಯಾವಾಗಿಂದ?"

"ದೀಪಾವಳಿಯಿಂದ."

ಮಲಗುವಾಗ ಅಣ್ಣನ ಕೈಗವಸು ಹಾಕಿಕೊಂಡು, ನಾನು ಏಳುವ ಮುಂಚೆ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದಳಂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಣ್ಣ ಹೇಳಿದ್ನಲ್ರಿ, ಎಲ್ಲಾ ಡಾಕ್ಟರಿಗೂ. ಹೇಳಿ ಏನಾತು?"

ಫೋನ್ ತೆಗೆದೆ. ಕೈ ಅಲುಗಿಸಬೇಡ ಎಂದೆ. ಬಿಳಿ ಇದ್ದಾಗ ಒಂದು ಫೋಟೋ, ತಟ್ಟೆ ಕೆಳಗಿಟ್ಟ ಮೇಲೆ ನೀಲಿಗೆ ತಿರುಗಿದಾಗ ಒಂದು, ಕೆಂಪೇರಿದಾಗ ಒಂದು. ನೋವಿಗೆ ಅವಳು ತುಟಿ ಕಚ್ಚಿದಳು. ಮೂರೂ ಸಿಗುವವರೆಗೆ ನಾನು ನಿಲ್ಲಿಸಲಿಲ್ಲ.

ಮರುದಿನ ಹನ್ನೊಂದಕ್ಕೆ ಆಟೋದಲ್ಲಿ ಸಿವಿಲ್ ಲೈನ್ಸ್‌ಗೆ ಹೋದೆವು. ಬಿಸಿಗಾಳಿಗೆ ಅವಳ ಕೈ ದಾರಿಯಲ್ಲೇ ನಸುಗೆಂಪಾಗಿ, ಬೆಚ್ಚಗಾಗಿ, ಯಾರ ಕೈಯಾದರೂ ಆಗಬಹುದಿತ್ತು. ಡಾಕ್ಟರು ತಿರುಗಿಸಿ ತಿರುಗಿಸಿ ನೋಡಿದರು. ಸ್ವಲ್ಪ ಬಾತಿದೆ ಅಷ್ಟೆ, ಬಿಸಿಲಿಗೂ ಇರಬಹುದು ಎಂದರು. ಆಗ ನಾನು ಫೋನ್ ಮೇಜಿನ ಮೇಲಿಟ್ಟೆ.

ಬಹಳ ಹೊತ್ತು ನೋಡಿದರು. ಆಮೇಲೆ ಬೇಸರದ ದನಿಯಲ್ಲಿ ಹಿಂದಿಯಲ್ಲಿ ಕೇಳಿದರು: ರಘುನಂದನನ ಫೋಟೋ ಇತ್ತಲ್ಲ, ಆಗಲೇ ಯಾಕೆ ತೋರಿಸಲಿಲ್ಲ?

ನಾನು ಫೋಟೋದ ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದೆ: ನಿನ್ನೆಯದು. ಚಾರು ಮೇಜಿನ ಮೇಲಿದ್ದ ಎರಡೂ ಕೈಗಳನ್ನು ನಿಧಾನಕ್ಕೆ ಮಡಿಲಿಗೆ ಎಳೆದುಕೊಂಡಳು.

ಡಾಕ್ಟರು ಕೈ ಮತ್ತೆ ಚಾಚಲು ಹೇಳಿ, ಉಗುರಿನ ಬುಡವನ್ನು ಭೂತಗನ್ನಡಿಯಲ್ಲಿ ಒಂದೊಂದಾಗಿ ನೋಡಿದರು. ಕೈಯ ಹಿಂಬದಿಯ ಚರ್ಮ ಚಿವುಟಿದರು. ಸಿಕ್ಕಿತು. ಇನ್ನೂ ಸಿಗುತ್ತದೆ, ಎಂದರು. ರಕ್ತದ ಪರೀಕ್ಷೆ, ಶ್ವಾಸಕೋಶದ ಪರೀಕ್ಷೆ ಬರೆದರು. ಚೀಟಿಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ, ತನ್ನನ್ನು ಕೇಳದೆ ಯಾರೂ ಸ್ಟೀರಾಯ್ಡ್ ಕೊಡಬಾರದು ಎಂದು ಬರೆದು ಅಡಿಗೆರೆ ಎಳೆದರು. ದಿನಾ ಬಿಪಿ ನೋಡಲು ಹೇಳಿದರು. ಯಂತ್ರ ಮನೆಯಲ್ಲೇ ಇದೆ ಎಂದೆ.

ಮನೆಗೆ ಬಂದು ಕೂಲರಿನ ನೀರು ಚೆಲ್ಲಿದೆ. ಕಿಟಕಿಗಳನ್ನು ಮುಚ್ಚಿದೆ. ಕೈಗವಸು ತಂದು ಚಾರುವಿನ ಮುಂದಿಟ್ಟೆ. ಅವಳು ಹಾಕಿಕೊಂಡು, ರಘುನಂದನ ಕೂರುತ್ತಿದ್ದ ಕುರ್ಚಿಯಲ್ಲೇ ಕೂತಳು. ಬೇರೆ ಕುರ್ಚಿಯೂ ಇತ್ತು.

ರಕ್ತದ ವರದಿಯೂ ಸ್ಕ್ಲೀರೋಡರ್ಮಾ ಎಂದೇ ಹೇಳಿತು. ಮಾತ್ರೆ ಶುರುವಾಗಿದೆ. ದಿನಾ ಬೆಳಿಗ್ಗೆ ಬಿಪಿ ಬರೆದುಕೊಂಡ ಮೇಲೆ ನಾನು ಅವಳ ಕೈಯ ಹಿಂಬದಿಯನ್ನು ಎರಡು ಬೆರಳಿನಲ್ಲಿ ಚಿವುಟಿ ಎತ್ತುತ್ತೇನೆ. ಅವಳು ಕೈ ನೋಡುವುದಿಲ್ಲ. ಗೋಡೆಯ ಮೇಲಿನ ಅಣ್ಣನ ಫೋಟೋ ನೋಡುತ್ತಿರುತ್ತಾಳೆ.

"ಸಿಕ್ತೇನ್ರಿ?" ಎಂದು ಕೇಳುತ್ತಾಳೆ.

ಇವತ್ತು ಸಿಕ್ಕಿತು.