ಹರಿದ ನೀರಿನ ಲೆಕ್ಕ

ಬಾವಿಗೆ ಇಳಿಯುವವನು ತನ್ನ ಟವೆಲ್ಲನ್ನು ಮೋಟರಿನ ಸ್ಟಾರ್ಟರ್ ಡಬ್ಬಿಯ ಹಿಡಿಕೆಗೆ ಕಟ್ಟಿಯೇ ಇಳಿಯಬೇಕು. ಅಲಖನೂರಿನ ಆ ಬಾವಿಯ ಮೇಲೆ ಎರಡು ಮನೆಗಳ ಕಬ್ಬು ನಿಂತಿತ್ತು, ಎರಡೂ ಮನೆಯವರು ಈ ಪದ್ಧತಿಯನ್ನು ಒಮ್ಮೆಯೂ ಮುರಿದವರಲ್ಲ. ಜಗಳವಾಡಿ ಮಾತು ಬಿಟ್ಟವನು ಕೂಡ ಟವೆಲ್ ಕಂಡರೆ ಸ್ಟಾರ್ಟರಿನ ಗುಂಡಿಗೆ ಕೈ ಹಚ್ಚುತ್ತಿರಲಿಲ್ಲ. ಧರೆಪ್ಪ ಸತ್ತ ದಿನವೂ ಅವನ ಟವೆಲ್ ಹಿಡಿಕೆಯಲ್ಲೇ ಇತ್ತು.

ನೀರೊಳಗಿನ ಮೋಟರಿಗೆ ಸಿಕ್ಕಿಕೊಂಡ ಕಸ ತೆಗೆಯಲು ಇಳಿದಿದ್ದ. ಮೋಟರು ಚಾಲೂ ಆಯಿತು, ಸವೆದ ಕೇಬಲ್ಲಿನಿಂದ ನೀರಿಗೆಲ್ಲ ಕರೆಂಟು ಇಳಿಯಿತು. ಕೂಗಲಿಕ್ಕೂ ಪುರುಸೊತ್ತು ಸಿಗಲಿಲ್ಲ ಆ ಪುಣ್ಯಾತ್ಮನಿಗೆ. ದಂಡೆಯ ಮೇಲಿದ್ದವನು ಬಾವಿಯ ಪಾಲುದಾರ ಅಮೋಘಸಿದ್ದ ಒಬ್ಬನೇ.

"ನಾ ಮುಟ್ಟಿಲ್ರಿ, ನಮ್ಮವ್ವನ ಆಣಿ! ತಾನ ಚಾಲೂ ಆತು," ಎಂದು ಅವನು ಬಡಬಡಿಸಿದ.

"ತಾನ ಚಾಲೂ ಆಗಾಕ ಅದಕ್ಕೇನ ದೆವ್ವ ಬಡದಿತ್ತೇನಲೇ?" ಎಂದು ಧರೆಪ್ಪನ ಮಗ ಭರತ ಊರ ಮಂದಿಯ ಎದುರೇ ಅವನನ್ನು ಒದ್ದ. ಸ್ಟಾರ್ಟರಿಗೆ ಫೋನ್ ಕರೆ ಮಾಡಿಯೂ ಮೋಟರನ್ನು ಚಾಲೂ ಮಾಡಬಹುದಿತ್ತು. ಆದರೆ ತಾನು ಫೋನ್ ಮಾಡಿಲ್ಲವೆಂದು ಭರತ ಯಾರೂ ಕೇಳುವ ಮೊದಲೇ ಹೇಳಿದ್ದ. ಪೊಲೀಸರು ಪಂಚನಾಮೆ ಬರೆದರು, ಟವೆಲ್ ಲೆಕ್ಕಿಸದೆ ಗುಂಡಿ ಒತ್ತಿದನೆಂದು ಅಮೋಘಸಿದ್ದನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಬಾವಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ ಬಿಳಿ ಡಬ್ಬಿಯ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಆ ಡಬ್ಬಿ ಭರತನ ಹೆಂಡತಿ ರೂಪಾಲಿ ಮಾಡಿದ್ದು. ಚಿಕ್ಕೋಡಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಬಂದವಳು. ನೀರಿಲ್ಲದೆ ಓಡಿ ಮೋಟರು ಎರಡು ಸಲ ಸುಟ್ಟ ಮೇಲೆ, "ನಿನ್ನ ಶ್ಯಾಣ್ಯಾತನ ಏನೈತಿ, ಇಲ್ಲಿ ತೋರಸವಾ," ಎಂದು ಮಾವ ಧರೆಪ್ಪನೇ ಕೆಣಕಿದ್ದ. ಅವಳು ಅಂಗೈಯಗಲದ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಸೆನ್ಸರುಗಳನ್ನು ಕಟ್ಟಿದಳು. ನೀರಿನ ಮಟ್ಟ, ಮೋಟರು ಎಳೆಯುವ ಕರೆಂಟು, ಚಾಲೂ ಮಾಡಿದ್ದು ಗುಂಡಿಯೋ ಫೋನೋ ಎಂಬುದನ್ನೆಲ್ಲ ಅದು ಸೆಕೆಂಡಿಗೊಮ್ಮೆ ಬರೆದುಕೊಳ್ಳುತ್ತಿತ್ತು.

ಬರೆದುಕೊಂಡದ್ದನ್ನು ಎಲ್ಲಿಡುವುದು ಎಂಬುದೇ ದೊಡ್ಡ ತಲೆನೋವಾಯಿತು. ಇಂಟರ್ನೆಟ್ಟಿಗೆ ಕಳಿಸೋಣವೆಂದರೆ ಬಾವಿಯ ಹತ್ತಿರ ಫೋನಿಗೆ ಕರೆ ಬರುತ್ತಿತ್ತೇ ಹೊರತು ನೆಟ್ ಸಿಗುತ್ತಿರಲಿಲ್ಲ. ಮೆಮೊರಿ ಕಾರ್ಡು ತೇವ ಹಿಡಿದು ಕೈಕೊಟ್ಟಿತು. ಕಾಲುಗಂಟೆಗೊಂದು ಸರಾಸರಿ ತೆಗೆದಿಟ್ಟರೆ ಜಾಗವೇನೋ ಉಳಿಯುತ್ತದೆ, ಆದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಗಿಹೋಗುವುದು ಸರಾಸರಿಯಲ್ಲಿ ಕಾಣುವುದಿಲ್ಲ. ಕೊನೆಗುಳಿದದ್ದು ಬೋರ್ಡಿನದೇ ಚಿಕ್ಕ ಮೆಮೊರಿ. ಅದರಲ್ಲಿ ಹತ್ತು ದಿನದ್ದು ಹಿಡಿಯುತ್ತಿತ್ತು, ತುಂಬಿದ ಮೇಲೆ ಹೊಸದು ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತಿತ್ತು.

"ಹಳೇದು ಅಳಿಸಿ ಹೋಗತೈತ್ರಿ ಮಾವಾರ, ನಡೀತೈತೇನ್ರಿ?" ಎಂದು ಕೇಳಿದ್ದಳು.

"ಹರದ ನೀರಿನ ಲೆಕ್ಕ ಯಾರಿಗೆ ಬೇಕವಾ? ನಿನ್ನಿದು ಮೊನ್ನಿದು ತಿಳದ್ರ ಸಾಕು," ಎಂದು ಧರೆಪ್ಪ ನಕ್ಕಿದ್ದ. ಅಷ್ಟಕ್ಕೇ ಬಿಡಲಿಲ್ಲ, ನಮ್ಮ ಸೊಸೆಯ ಡಬ್ಬಿಯ ಮುಂದೆ ಯಾರ ಸುಳ್ಳೂ ನಡೆಯುವುದಿಲ್ಲ ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದ.

ಆ ಮಾತು ಅಮೋಘಸಿದ್ದನ ಹೆಂಡತಿ ಗಂಗಾಳ ನೆನಪಿನಲ್ಲಿತ್ತು. ಸೂತಕದ ಮನೆಯ ಹಿತ್ತಲಿಗೆ ಬಂದು, ಮುಟ್ಟದೆ ದೂರವೇ ನಿಂತು ಸೆರಗೊಡ್ಡಿದಳು.

"ನೋಡ ತಂಗಿ. ನಮ್ಮವರದ ತಪ್ಪಿತ್ತಂದ್ರ ಹೌದು ಅಂದಬಿಡು, ನಾ ಬಾಯಿ ಮುಚ್ಕೊಂಡ ಕುಂದರತೇನಿ. ಇಲ್ಲಂದ್ರ ಇಲ್ಲ ಅಂತ ಪೊಲೀಸ್ರಿಗಿ ಒಂದ ಮಾತ ಹೇಳು."

"ನೋಡತೇನಿ ಗಂಗಕ್ಕಾ," ಎಂದಳು ರೂಪಾಲಿ. ನೋಡುವುದೇ ಕಷ್ಟವಾಗಿತ್ತು. ಸೂತಕ ಕಳೆಯುವವರೆಗೆ ಹೆಂಗಸರು ಹೊಲಕ್ಕೆ ಕಾಲಿಡಬಾರದೆಂದು ಅತ್ತೆ ರುಕ್ಮವ್ವ ಹೊಸ್ತಿಲಲ್ಲೇ ಕೂತಿದ್ದಳು. ಅಲ್ಲಿ ಡಬ್ಬಿ ಮಾತ್ರ ತನ್ನ ಕೆಲಸ ನಿಲ್ಲಿಸಿರಲಿಲ್ಲ.

ಒಂಬತ್ತನೆಯ ದಿನ ಗಂಡಸರು ಕರ್ಮಕ್ಕೆಂದು ಕೃಷ್ಣೆಗೆ ಹೋದರು, ರುಕ್ಮವ್ವನಿಗೆ ಜೊಂಪು ಹತ್ತಿತು. ರೂಪಾಲಿ ಲ್ಯಾಪ್‌ಟಾಪನ್ನು ಸೆರಗಿನಡಿ ಹಿಡಿದು ಬಾವಿಗೆ ಬಂದಳು. ವಯರು ಸಿಕ್ಕಿಸಿ ಮಾವ ಸತ್ತ ಬೆಳಗಿನ ಅಂಕಿಗಳಿಗೆ ಬಂದಳು. ಮನುಷ್ಯ ಇಳಿದರೆ ನೀರು ತುಳುಕುತ್ತದೆ, ಆ ತುಳುಕೆಲ್ಲ ಅಂಕಿಗಳಲ್ಲಿ ಏರಿಳಿದಿತ್ತು. ಆಮೇಲಿನ ಸಾಲಿನಲ್ಲಿ ಮೋಟರು ಚಾಲೂ. ಚಾಲೂ ಮಾಡಿದ್ದು ಗುಂಡಿಯಲ್ಲ, ಫೋನು. ಅದರ ಮುಂದಿನ ಸಾಲುಗಳಲ್ಲಿ ನೀರು ಮೆಲ್ಲಗೆ ಸುಮ್ಮನಾಗಿತ್ತು.

ಆ ಸ್ಟಾರ್ಟರು ಎರಡೇ ನಂಬರಿನ ಕರೆಗೆ ಓಗೊಡುತ್ತಿತ್ತು, ಒಂದು ಮಾವನದು, ಇನ್ನೊಂದು ಭರತನದು. ಮಾವನ ಫೋನು ಅವತ್ತು ಮನೆಯ ಗೋಡೆಯ ಮಾಡದಲ್ಲಿ ಚಾರ್ಜಿಗಿತ್ತು, ಇಟ್ಟವಳು ಅವಳೇ. ಮುಟ್ಟಬೇಡವೆಂದು ಕೈಗಳಿಗೆ ಹೇಳುವ ಟವೆಲ್ಲು ಫೋನಿಗೆ ಏನು ಹೇಳೀತು?

"ಏನ ಐತಿ ಅದರಾಗ?"

ಹಿಂದೆ ಭರತ ನಿಂತಿದ್ದ. ತಲೆ ಬೋಳಿಸಿತ್ತು, ಒದ್ದೆ ಧೋತರ ಕಾಲಿಗೆ ಅಂಟಿತ್ತು.

"ಫೋನ್ ಅಂತ ಐತ್ರಿ."

ಅವನು ಕುಸಿದು ಕೂತ. "ನಮ್ಮ ನೀರಿನ ಪಾಳಿ ಶುರುವಾಗಿತ್ತು. ಅಪ್ಪ ಮರತಾನ ಅನ್ಕೊಂಡ ನಿಪ್ಪಾಣಿಯಿಂದ ರಿಂಗ್ ಕೊಟ್ಟೆ. ಅಲ್ಲಿ ನನಗ ಟಾವೆಲ್ ಕಾಣತೈತೇನ?"

"ಅಮೋಘಣ್ಣ ಒಳಗದಾನ್ರಿ."

"ಗೊತ್ತೈತಿ." ಅವನು ಬಾವಿಯ ಕಡೆ ತಿರುಗಿದ. "ನಿನ್ನ ಮಗನ ನಿನ್ನ ಗಂಡನ್ನ ಕೊಂದಾನ ಅಂತ ಅವ್ವಗ ಯಾರ ಹೇಳೂದು? ನೀ ಹೇಳತೀ ಏನ?"

ಅಳಿಸು ಎಂದು ಅವನು ಅನ್ನಲಿಲ್ಲ. ಅನ್ನುವ ಅಗತ್ಯವೇ ಇರಲಿಲ್ಲ, ಇನ್ನೆರಡು ದಿನ ಸುಮ್ಮನಿದ್ದರೆ ಸಾಕಿತ್ತು. ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಳ್ಳಬೇಕೇ ಎಂದು ಪರದೆ ಕೇಳುತ್ತಿತ್ತು. ರೂಪಾಲಿ ಬೇಡವೆಂದು ಒತ್ತಿ ವಯರು ಕಿತ್ತಳು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಆದರೂ ಕೈ ತಡೆಯಲಿಲ್ಲ. ಮೋಟರಿನ ಕೇಬಲ್ಲು ಪೊಲೀಸರ ಬಳಿಯಿತ್ತು. ಬ್ಯಾಟರಿಯ ಮೇಲಿದ್ದ ಡಬ್ಬಿ ಮಾತ್ರ ಕರೆಂಟಿನ ಸಾಲಿನಲ್ಲಿ ಸೊನ್ನೆಯ ಮೇಲೆ ಸೊನ್ನೆ ಬರೆಯುತ್ತಲೇ ಇತ್ತು.

ಹನ್ನೊಂದನೆಯ ದಿನಕ್ಕೆ ಸೂತಕ ಕಳೆಯಿತು, ಮರುದಿನ ಗಂಗಾ ಬಂದಳು. ಈ ಸಲ ಹತ್ತಿರ ಬಂದು ಕೈಯನ್ನೇ ಹಿಡಿದಳು. "ನೋಡಿದ್ಯಾ ತಂಗಿ?"

"ಹತ್ತ ದಿನದ್ದಷ್ಟ ಉಳೀತೈತಿ ಗಂಗಕ್ಕಾ. ಅವತ್ತಿಂದು ಅಳಿಸಿ ಹೋಗೇತಿ," ಎಂದಳು ರೂಪಾಲಿ. ಅಷ್ಟು ಹೇಳಿದರೆ ಸಾಕಿತ್ತು, ಬಾಯಿ ನಿಲ್ಲಲಿಲ್ಲ. "ಹಂಗ ಇಡು ಅಂತ ಮಾವಾರ ಹೇಳಿದ್ರು. ಹರದ ನೀರಿನ ಲೆಕ್ಕ ಯಾರಿಗೆ ಬೇಕು ಅಂದಿದ್ರು."

ಗಂಗಾ ಹಿಡಿದ ಕೈ ಬಿಡದೆ ತಲೆಯಾಡಿಸಿದಳು.

"ಹೌದವ್ವಾ, ಅಂದಿರತಾನ. ಧರೆಪ್ಪಣ್ಣ ಸುಳ್ಳ ಹೇಳಾಂವ ಅಲ್ಲ," ಎಂದು, ನಮಸ್ಕಾರ ಮಾಡಿ ಹೊರಟಳು.