ಮೂರನೆಯ ಪಿಸ್ಟನ್ನಿನ ರಿಂಗುಗಳು

ಸೀಮೆಎಣ್ಣೆಯ ವಾಸನೆ, ಮನುಷ್ಯ ಹೋದರೂ ಇದು ಹೋಗುವುದಿಲ್ಲ, ಬಟ್ಟೆ ಸರಿಸಿದ ಕೂಡಲೇ ಮೂಗಿಗೆ ಹೊಡೆಯಿತು — ನನ್ನದೇ ಹಳೆ ಸೀರೆಯ ತುಂಡು, ಧೂಳು ಬೀಳದಿರಲೆಂದು ಅವರೇ ಮುಚ್ಚಿದ್ದು, ಕೆಳಗೆ ಮೂರನೆಯ ಪಿಸ್ಟನ್ ತಲೆಕೆಳಗಾಗಿ ನಿಂತಿದೆ, ಎರಡು ಆಗಲೇ ಎಂಜಿನ್ನಿನೊಳಗೆ ಕೂತಿವೆ, ಇದಕ್ಕೆ ಮೂರೂ ರಿಂಗು ತೊಡಿಸಿಯಾಗಿದೆ, ನಾಲ್ಕನೆಯದರ ರಿಂಗುಗಳು ಪೊಟ್ಟಣದಲ್ಲೇ ಇವೆ, ಅಷ್ಟಕ್ಕೇ ನಿಲ್ಲಿಸಿ ಈ ಸ್ಟೂಲಿನಿಂದ ಬಿದ್ದರು ನನ್ನ ಗಂಡ, ನಾನು ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ, ಮೆದುಳಿನ ನರ ಒಡೆದಿದೆಯಮ್ಮಾ ಎಂದರು ಆಸ್ಪತ್ರೆಯಲ್ಲಿ, ಕುಡಿದರೆ ನರ ಒಡೆಯದೆ ಏನಾಗುತ್ತದೆ ಎಂದ ಮೈದುನ ಜಗನ್ಮೋಹನ್, ಹೆಣದ ಮುಂದೆ ನಿಂತೇ ಎಂದ, ಅನ್ನಯ್ಯ ತಾಗಿ ಪನಿಚೇಸೇವಾಡು, ಅಣ್ಣ ಕುಡಿದೇ ಕೆಲಸ ಮಾಡುತ್ತಿದ್ದ — ವಿಜಯವಾಡದ ನೆಂಟರಿಗೆಲ್ಲ ಅದೇ ಸುದ್ದಿ ಹಂಚಿದ್ದಾನೆ, ಕುಡಿಯುತ್ತಿದ್ದರು, ಇಲ್ಲವೆನ್ನಲಾರೆ, ಭಾನುವಾರ, ಕೈತೊಳೆದ ಮೇಲೆ, ಸ್ಪ್ಯಾನರ್ ಹಿಡಿದು ಒಂದು ದಿನವೂ ಇಲ್ಲ. ಈಗ ಅದೇ ಜಗನ್ ಅಣ್ಣನ ಕೆಲಸ ಮುಗಿಸಲು ಬಂದಿದ್ದಾನೆ, ಡಾಕ್ಟರಮ್ಮನ ಫಿಯಾಟ್ ಎಷ್ಟು ದಿನ ಹೀಗೆ ಬಿಚ್ಚಿಕೊಂಡು ಬಿದ್ದಿರಬೇಕು, ವದಿನಾ, ಅತ್ತಿಗೆ, ನೀವು ಬಟ್ಟೆ ತೆಗೆದು ಒರೆಸಿಡಿ, ಟೀ ಕುಡಿದು ಬಂದೆ ಎಂದು ಗಾಜುವಾಕದ ಬಸ್ ಸ್ಟಾಪಿನ ಕಡೆ ಹೋಗಿದ್ದಾನೆ, ಒರೆಸೋಣವೆಂದು ಬಗ್ಗಿದೆ, ನೋಡಬಾರದ್ದನ್ನು ನೋಡಿದೆ.

ಮೂರು ರಿಂಗುಗಳ ಸಂದುಗಳೂ ಒಂದೇ ಸಾಲಿನಲ್ಲಿವೆ. ರಿಂಗು ಪೂರ್ತಿ ಉಂಗುರವಲ್ಲ ಅನಸೂಯಾ, ಒಂದು ಕಡೆ ಕತ್ತರಿಸಿರುತ್ತದೆ, ಆ ಸಂದು ಇಲ್ಲದಿದ್ದರೆ ಬಿಸಿಗೆ ಹಿಗ್ಗಲು ಜಾಗವೆಲ್ಲಿ — ಮದುವೆಯಾದ ಹೊಸದರಲ್ಲಿ ಅವರು ಹೇಳಿದ್ದು, ಅಪ್ಪನಿಗೆ ಬ್ಯಾಂಕಿನಲ್ಲಿ ವಾಪಸ್ ದಾವಣಗೆರೆಗೆ ವರ್ಗವಾಯಿತು, ನನಗೆ ಆಗಲಿಲ್ಲ, ಅಪ್ಪನ ಸ್ಕೂಟರ್ ರಿಪೇರಿ ಮಾಡುತ್ತಿದ್ದವನ ಹೆಂಡತಿಯಾಗಿ ಈ ತೆಲುಗು ಊರಲ್ಲೇ ಉಳಿದೆ, ನನಗಾಗಿ ಕನ್ನಡ ಕಲಿತರು, ಎಂಥ ಕನ್ನಡ, ನಗು ಬರುತ್ತಿತ್ತು, ಈ ರಿಂಗುಗಳು ಮೂವರು ವಾರಗಿತ್ತಿಯರು ಕಣೇ, ಒಬ್ಬಳು ಒಲೆ ಕಡೆ, ಒಬ್ಬಳು ಬಾವಿ ಕಡೆ, ಒಬ್ಬಳು ತುಳಸಿ ಕಡೆ ತಿರುಗಿರಬೇಕು, ಮೂವರೂ ಒಂದೇ ಕಡೆ ತಿರುಗಿದರೋ ಮನೆ ಗುಟ್ಟು ಬೀದಿಗೆ, ಎಂಜಿನ್ ಹೊಗೆ ಕಾರುತ್ತದೆ, ನೋಡು ನೋಡು ದುರ್ಗಾಪ್ರಸಾದನ ಕೆಲಸ ಅಂತಾರೆ — ಅಂಥ ಮನುಷ್ಯ ಮೂರನ್ನೂ ಒಂದೇ ಕಡೆ ಇಟ್ಟಿದ್ದಾರೆ, ಮೂರೂ ಅಡಿಗೆಮನೆಯ ಬಾಗಿಲ ಕಡೆ ನೋಡುತ್ತಿವೆ, ಅಂದರೆ ಕೈ ಆಗಲೇ ಸೋತಿತ್ತು, ಕಣ್ಣು ಮಂಜಾಗಿತ್ತು, ಬೀಳುವುದಕ್ಕೂ ಎಷ್ಟೋ ಮೊದಲು, ಗೊತ್ತಾಗಿಯೂ ಸೀರೆ ಮುಚ್ಚಿ ಕೂತಿದ್ದರು, ಒಂದು ಸಲ ಅನಸೂಯಾ ಎನ್ನಬಾರದಿತ್ತೇ, ಹತ್ತು ಹೆಜ್ಜೆ ದೂರವೂ ಇರಲಿಲ್ಲ ನಾನು, ಸಿಟ್ಟು ಬರುತ್ತದೆ ನಿಮ್ಮ ಮೇಲೆ, ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ, ಮಾಡುತ್ತೇನೆ.

ಜಗನ್ ಇದನ್ನು ನೋಡಿದರೆ ಮುಗಿಯಿತು, ಕುಡಿದ ಕೈಯೂ ಸಾಯುತ್ತಿದ್ದ ಕೈಯೂ ಇಡುವುದು ಹೀಗೇ, ಅವನು ಯಾವುದನ್ನು ಓದಿಕೊಳ್ಳುತ್ತಾನೆಂದು ನನಗೆ ಗೊತ್ತು, ಚೂಶಾರಾ ವದಿನಾ, ನೋಡಿದಿರಾ ಅತ್ತಿಗೆ, ಎನ್ನುತ್ತಾನೆ, ತಿರುಗಿಸಿಬಿಡಬೇಕು, ಬೆರಳಿನ ಕೆಲಸ, ಎಣ್ಣೆ ಇನ್ನೂ ಆರಿಲ್ಲ, ಆದರೆ ತಿರುಗಿಸಿದರೆ ಅವರ ಕೈ ಕೊನೆಗೆ ಮುಟ್ಟಿದ್ದು ಅಳಿಸಿಹೋಗುತ್ತದೆ, ಅಂಗಿ ಒಗೆದಾಯಿತು, ತಲೆದಿಂಬು ಕೊಟ್ಟಾಯಿತು, ಬೇರೆ ಏನು ಉಳಿದಿದೆ — ಚಪ್ಪಲಿ ಸದ್ದು, ಗೇಟಿನ ಹತ್ತಿರ ಯಾರನ್ನೋ ಮಾತಾಡಿಸುತ್ತಿದ್ದಾನೆ — ಮೊದಲನೆಯದನ್ನು ಬಾವಿ ಕಡೆಗೆ, ಜಾರಿತು, ಉಗುರೊಳಗೆ ಎಣ್ಣೆ, ನಡುವಿನದನ್ನು ತುಳಸಿ ಕಡೆಗೆ, ಗಟ್ಟಿಯಿದೆ, ಬಾ ತಾಯಿ, ಬಂತು, ಇನ್ನು ಮೂರನೆಯದು, ಬೆರಳಿಟ್ಟೆ, ತೆಗೆದೆ, ಮೂರನ್ನು ಬೇರೆ ಮಾಡಲು ಎರಡನ್ನು ತಿರುಗಿಸಿದರೆ ಸಾಕಲ್ಲ, ಇದನ್ನು ಮುಟ್ಟಬೇಕಿಲ್ಲ, ಇದು ಅವರಿಟ್ಟ ಹಾಗೇ ಇರಲಿ, ಜಗನ್ ಬಂದ, ಬಗ್ಗಿ ನೋಡಿದ, ಸರಿಗಾನೇ ಉಂದಿ ವದಿನಾ ಎಂದ, ಸರಿಯಾಗೇ ಇದೆ ಎಂದ, ಇನ್ನು ಎತ್ತಿ ಒಳಗೆ ಕೂರಿಸುತ್ತಾನೆ, ಆಮೇಲೆ ಯಾರಿಗೂ ಕಾಣುವುದಿಲ್ಲ, ಒಂದು ನಿಮಿಷ ತಡಿಯಪ್ಪಾ, ಆ ಸಂದು, ಉಗುರಿನಷ್ಟು ಸಂದು, ಇನ್ನೂ ಅಡಿಗೆಮನೆಯ ಬಾಗಿಲ ಕಡೆಗೇ